ಹಳೆಯ ಕೀ ವಾಚು ಕೈಕೊಟ್ಟಾಗ: ಸವೆದ ಭಾಗವನ್ನು ಪತ್ತೆ ಹಚ್ಚುವ ಕ್ರಮ

ಊರಿನಲ್ಲೇ ಎಚ್‌ಎಂಟಿಯ ವಾಚು ಕಾರ್ಖಾನೆ ಇದ್ದುದರಿಂದ ತುಮಕೂರಿನ ಹಳೆಯ ಮನೆಗಳ ಬೀರುವಿನಲ್ಲಿ ಒಂದಾದರೂ ಜನತಾ, ಪೈಲಟ್ ಅಥವಾ ಕೋಹಿನೂರ್ ವಾಚು ಸಿಗುವುದು ಈಗಲೂ ಅಪರೂಪವಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ವಾಚುಗಳ ತಯಾರಿಕೆಗೆ 2016ರ ಜನವರಿಯಲ್ಲಿ ಕೇಂದ್ರ ಸಂಪುಟವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿದಾಗ ತೆರೆ ಬಿತ್ತು. ಅಂದಿನಿಂದ ಹೊಸ ಬಿಡಿಭಾಗ ಸಿಗುವುದೇ ಕಷ್ಟವಾದ ಕಾರಣ, ನಿಂತ ವಾಚನ್ನು ಕೈಗೆತ್ತಿಕೊಂಡವರು ಯಾವ ಭಾಗ ಸವೆದಿದೆ, ಯಾವುದು ಬರೀ ಕೊಳೆಯಾಗಿದೆ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ಈ ಬರಹ ಅದಕ್ಕಾಗಿ. ಇಲ್ಲಿ ಹೇಳಿದ್ದು ಮುಖ್ಯವಾಗಿ ಹದಿನೇಳು ಕಲ್ಲಿನ (ಹೆಚ್ಚಾಗಿ ಅಚ್ಚುಗಳು ತಿರುಗಲೆಂದು ಕೂರಿಸಿದ ಸಣ್ಣ ಕೆಂಪು ಕಲ್ಲುಗಳು), ಕೈಯಿಂದ ಕೀ ಕೊಡುವ ವಾಚುಗಳಿಗೆ ಅನ್ವಯಿಸುತ್ತದೆಯಾದರೂ, ಅದೇ ಕಾಲದ ಸ್ವಿಸ್ ವಾಚುಗಳ ಯಂತ್ರದ ನಡೆಯೂ ಬಹುಪಾಲು ಹೀಗೆಯೇ ಇರುತ್ತದೆ.

ಮೊದಲೇ ಒಂದು ಮಾತನ್ನು ಹೇಳಿಬಿಡಬೇಕು. ಸವೆದಿದೆ ಎಂದು ನನ್ನ ಮೇಜಿಗೆ ಬಂದ ವಾಚುಗಳಲ್ಲಿ ಹೆಚ್ಚಿನವು ಸವೆದಿರಲಿಲ್ಲ. ಎಣ್ಣೆ ಒಣಗಿ ಅಂಟಾಗಿತ್ತು, ಅಷ್ಟೆ. ಕಾರ್ಖಾನೆಯಿಂದ ನಿವೃತ್ತರಾದ ನೆರೆಯ ಹಿರಿಯರೊಬ್ಬರು, ನಾನು ಪ್ರತಿ ವಾಚಿಗೂ ಹೊಸ ಸ್ಪ್ರಿಂಗ್ ಹುಡುಕುತ್ತಿದ್ದುದನ್ನು ನೋಡಿ, "ಮೊದಲು ತೊಳೆದು ನೋಡಪ್ಪ, ಆಮೇಲೆ ಸ್ಪ್ರಿಂಗನ್ನ ಬೈಯುವಿಯಂತೆ" ಎಂದಿದ್ದರು. ಆ ಮಾತನ್ನು ಕೇಳದೆ ನಾನು ಕೆಡಿಸಿದ ಒಂದು ಕೆಲಸದ ವಿವರ ಮುಂದೆ ಬರುತ್ತದೆ.

ಹಿಂಬದಿಯ ಮುಚ್ಚಳ ತೆಗೆಯುವ ಮೊದಲು

ವಾಚಿಗೆ ಪೂರ್ತಿ ಕೀ ಕೊಟ್ಟು, ಫೋನಿನ ಸಮಯಕ್ಕೆ ಹೊಂದಿಸಿ, ಒಂದು ದಿನ ಡಯಲ್ ಮೇಲ್ಮುಖವಾಗಿ ಮಲಗಿಸಿಡಿ. ಮರುದಿನ ಅದೇ ಹೊತ್ತಿಗೆ ಎಷ್ಟು ಸೆಕೆಂಡ್ ಹೆಚ್ಚು ಕಡಿಮೆಯಾಗಿದೆ ಎಂದು ಬರೆದಿಟ್ಟುಕೊಳ್ಳಿ. ಎರಡನೆಯ ದಿನ ಮತ್ತೆ ಪೂರ್ತಿ ಕೀ ಕೊಟ್ಟು ಕೀ ಗುಂಡಿ ಮೇಲಕ್ಕೆ ಬರುವಂತೆ ಲೋಟಕ್ಕೆ ಒರಗಿಸಿಡಿ. ಮೂರನೆಯ ದಿನ ಕೀ ಕೊಡದೆ ಬಿಟ್ಟು ಯಾವಾಗ ನಿಲ್ಲುತ್ತದೆ ಎಂದು ನೋಡಿ. ಕಾಸಿನ ಖರ್ಚಿಲ್ಲದ ಈ ಮೂರು ದಿನಗಳ ಟಿಪ್ಪಣಿಯಿಂದ ಮುಂದಿನ ಅರ್ಧ ಕೆಲಸ ಮುಗಿಯುತ್ತದೆ. ಇದನ್ನು ಬಿಟ್ಟು ನೇರ ಸ್ಕ್ರೂಡ್ರೈವರ್ ಹಿಡಿದವರು ರಿಪೇರಿ ಮುಗಿದ ಮೇಲೆ ವಾಚು ಸುಧಾರಿಸಿತೋ ಹದಗೆಟ್ಟಿತೋ ಹೇಳಲಾರದ ಸ್ಥಿತಿಗೆ ಬರುತ್ತಾರೆ.

ಎಚ್ಚರಿಕೆಗಳು ಮೂರು. ಒಂದು, 1960ರ ದಶಕಕ್ಕೂ ಹಿಂದಿನ ವಿದೇಶಿ ವಾಚಿನ ಡಯಲ್‌ನ ಅಂಕಿಗಳ ಮೇಲೆ ಮತ್ತು ಮುಳ್ಳುಗಳ ಮೇಲೆ ಕಂದು ಬಣ್ಣಕ್ಕೆ ತಿರುಗಿದ, ಪುಡಿಪುಡಿಯಾದ ಬಳಿತ ಇದ್ದರೆ ಅದು ರೇಡಿಯಂ ಆಗಿರಬಹುದು. ಕತ್ತಲಲ್ಲಿ ಹೊಳೆಯದು ಎಂಬ ಕಾರಣಕ್ಕೆ ಅದು ನಿರಪಾಯವಲ್ಲ, ಏಕೆಂದರೆ ಕೆಟ್ಟಿರುವುದು ಹೊಳಪು ಕೊಡುವ ಪುಡಿಯೇ ಹೊರತು ರೇಡಿಯಂ ಅಲ್ಲ. ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಅಂಥ ಡಯಲನ್ನು ಕೆರೆಯಬಾರದು, ಊದಬಾರದು, ಊಟದ ಮೇಜಿನ ಮೇಲೆ ಬಿಚ್ಚಬಾರದು; ಅನುಭವ ಇಲ್ಲದವರು ಆ ವಾಚನ್ನು ತೆರೆಯದೆ ಇರುವುದೇ ಸರಿ. ಎರಡು, ತೊಳೆಯಲು ಬಳಸುವ ಪೆಟ್ರೋಲಿನ ಆವಿ ಅಡುಗೆಮನೆಯ ಒಲೆಯನ್ನು ಬಹಳ ದೂರದಿಂದಲೇ ಹುಡುಕಿಕೊಂಡು ಹೋಗುತ್ತದೆ, ಆದ್ದರಿಂದ ಗಾಳಿಯಾಡುವ ಜಾಗದಲ್ಲಿ, ಬೆಂಕಿ ಮತ್ತು ಸ್ವಿಚ್ಚುಗಳಿಂದ ದೂರದಲ್ಲಿ, ಮುಚ್ಚಳವಿರುವ ಗಾಜಿನ ಬಟ್ಟಲಿನಲ್ಲಿ ಸ್ವಲ್ಪವೇ ತೆಗೆದುಕೊಂಡು ಕೆಲಸ ಮಾಡಿ. ಮೂರು, ಮೇನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಂಡು ವಾಚಿಗೆ ಬಲ ಕೊಡುವ ಸ್ಪ್ರಿಂಗ್) ಸುತ್ತಿಕೊಂಡಿರುವಾಗ ಯಾವ ಸೇತುವೆಯ (ಚಕ್ರಗಳನ್ನು ಮೇಲಿನಿಂದ ಹಿಡಿದಿರುವ ಲೋಹದ ಪಟ್ಟಿ) ಸ್ಕ್ರೂವನ್ನೂ ಸಡಿಲಿಸಬಾರದು. ಕೀ ಗುಂಡಿಯನ್ನು ಹಿಡಿದುಕೊಂಡು, ಕ್ಲಿಕ್ಕನ್ನು (ಸುತ್ತಿದ ಸ್ಪ್ರಿಂಗ್ ಹಿಂದಕ್ಕೆ ಬಿಚ್ಚದಂತೆ ತಡೆಯುವ ಸಣ್ಣ ಕೊಕ್ಕೆ) ಸೂಜಿಯಿಂದ ಸರಿಸಿ, ಬೆರಳುಗಳ ನಡುವೆ ಗುಂಡಿ ನಿಧಾನವಾಗಿ ಹಿಂದಕ್ಕೆ ಜಾರಲು ಬಿಟ್ಟು ಸ್ಪ್ರಿಂಗಿನ ಬಲವನ್ನು ಇಳಿಸಿದ ಮೇಲೆಯೇ ಮುಂದಿನ ಕೆಲಸ. ಬಲ ಇಳಿಸದೆ ಸೇತುವೆ ಎತ್ತಿದರೆ ಚಕ್ರಗಳು ಬಿರುಸಿನಿಂದ ತಿರುಗಿ ಹಲ್ಲು ಮುರಿದುಕೊಳ್ಳುತ್ತವೆ.

ವಾಚು ನಡೆಯುವುದೇ ಇಲ್ಲ

ಕೀ ಕೊಟ್ಟು ನೋಡಿ. ಗುಂಡಿ ಹತ್ತಾರು ಸುತ್ತು ತಿರುಗಿ, ಬಿಗಿಯಾಗಿ, ಕೊನೆಗೆ ನಿಂತರೆ ಸ್ಪ್ರಿಂಗ್ ಸರಿಯಾಗಿದೆ. ಬಲ ಇದ್ದೂ ಚಕ್ರಗಳಿಗೆ ತಲುಪುತ್ತಿಲ್ಲ. ಎಷ್ಟು ತಿರುಗಿಸಿದರೂ ಬಿಗಿಯಾಗದಿದ್ದರೆ ಸ್ಪ್ರಿಂಗ್ ಮುರಿದಿದೆ ಅಥವಾ ಒಳಗಿನ ಕೊಕ್ಕೆಯಿಂದ ಕಳಚಿದೆ. ಕೀ ಕೊಡುವ ಮೊದಲೇ ಗುಂಡಿ ಕಲ್ಲಿನಂತೆ ಬಿಗಿಯಾಗಿದ್ದರೆ ಮನೆಯಲ್ಲಿ ಯಾರೋ ಪೂರ್ತಿ ಕೀ ಕೊಟ್ಟು ಇಟ್ಟಿದ್ದಾರೆ ಎಂದು ಅರ್ಥ. "ಹೆಚ್ಚು ಕೀ ಕೊಟ್ಟು ವಾಚು ಹಾಳಾಯಿತು" ಎನ್ನುವುದು ಬಹುಮಟ್ಟಿಗೆ ಸುಳ್ಳು ಆರೋಪ; ನಿಂತ ವಾಚು ಪೂರ್ತಿ ಕೀ ಕೊಟ್ಟ ಸ್ಥಿತಿಯಲ್ಲೇ ಇರುತ್ತದೆ, ಏಕೆಂದರೆ ಅದು ಓಡಿಯೇ ಇಲ್ಲ.

ಬಿಗಿಯಾಗಿದ್ದೂ ನಡೆಯದ ವಾಚನ್ನು ಡಯಲಿನ ಸಮತಲದಲ್ಲಿ ಮೆಲ್ಲಗೆ ಒಮ್ಮೆ ತಿರುಗಿಸಿ ನೋಡಿ. ಹತ್ತು ಸೆಕೆಂಡ್ ಟಿಕ್ ಟಿಕ್ ಎಂದು ಮತ್ತೆ ನಿಂತರೆ ನೂರಕ್ಕೆ ತೊಂಬತ್ತು ಪಾಲು ಅದು ಒಣಗಿದ ಎಣ್ಣೆ ಎಂದೇ ನನ್ನ ಅಂದಾಜು. ಹಿಂಬದಿಯ ಮುಚ್ಚಳ ತೆಗೆದು ಲೂಪ್ (ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ) ಹಾಕಿ ನೋಡಿದರೆ ಕೆಂಪು ಕಲ್ಲುಗಳ ನಡುವಿನ ಸಣ್ಣ ಕುಳಿಗಳಲ್ಲಿ ಹೊಳಪಿಲ್ಲದ, ಜೇನು ಬಣ್ಣದ ಉಂಗುರ ಕಾಣುತ್ತದೆ. ಒಮ್ಮೆ ನನಗೆ ಸಿಕ್ಕ ಜನತಾ ವಾಚಿನಲ್ಲಿ ಆ ಉಂಗುರದ ಬದಲಿಗೆ ಬಿಳಿಯ ಮೇಣದಂಥ ಪದರ ಇತ್ತು. ಮೂಸಿದರೆ ಕೊಬ್ಬರಿ ಎಣ್ಣೆ. ಚಳಿಗಾಲದಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ, ಕೂದಲಿಗಿಂತ ಸಣ್ಣ ಅಚ್ಚಿನ ಸುತ್ತ ಹೇಗೆ ವರ್ತಿಸೀತು ಎಂದು ಹಾಕಿದವರು ಯೋಚಿಸಿರಲಿಲ್ಲ. ಹೊಲಿಗೆ ಯಂತ್ರದ ಎಣ್ಣೆಯೂ ಬೇಡ: ಅದು ಕುಳಿಯಲ್ಲಿ ನಿಲ್ಲದೆ ಹರಡಿ, ಬ್ಯಾಲೆನ್ಸ್ ಚಕ್ರಕ್ಕೆ ಕಟ್ಟಿದ ತೆಳು ಹೇರ್‌ಸ್ಪ್ರಿಂಗಿನ ಸುರುಳಿಗಳನ್ನು ಅಂಟಿಸುತ್ತದೆ.

ವಾಚು ಬಿದ್ದ ಮೇಲೆ ನಿಂತದ್ದಾದರೆ ಕಥೆ ಬೇರೆ. ಬ್ಯಾಲೆನ್ಸ್ ಚಕ್ರವನ್ನು (ಅತ್ತಿತ್ತ ತೂಗುತ್ತ ವಾಚಿನ ವೇಗ ಕಾಯುವ ಚಕ್ರ) ಕುಂಚದ ಕೂದಲಿನಿಂದ ಮೆಲ್ಲಗೆ ತಟ್ಟಿ. ಅದು ಒಂದು ಕಡೆಗೆ ವಾಲಿಕೊಂಡು, ಸೇತುವೆಗೋ ಪಕ್ಕದ ಚಕ್ರಕ್ಕೋ ತಾಗುತ್ತಿದ್ದರೆ ಬ್ಯಾಲೆನ್ಸ್ ಅಚ್ಚಿನ ತುದಿ ಮುರಿದಿದೆ. ಡಯಲ್ ಮೇಲೆ ಪ್ಯಾರಾ ಶಾಕ್ ಎಂದು ಬರೆದಿರುವ ವಾಚುಗಳಲ್ಲಿ ಬ್ಯಾಲೆನ್ಸಿನ ಕಲ್ಲನ್ನು ಸಣ್ಣ ಸ್ಪ್ರಿಂಗ್ ಹಿಡಿದಿರುತ್ತದೆ. ಪೆಟ್ಟು ಬಿದ್ದಾಗ ಕಲ್ಲೇ ಸರಿದು ಅಚ್ಚನ್ನು ಉಳಿಸುತ್ತದೆ. ಆದ್ದರಿಂದ ಅಂಥ ವಾಚಿನಲ್ಲಿ ಮೊದಲು ನೋಡಬೇಕಾದದ್ದು ಆ ಸ್ಪ್ರಿಂಗ್ ತನ್ನ ಜಾಗದಲ್ಲಿ ಇದೆಯೇ ಎಂಬುದನ್ನು. ಅಚ್ಚೇ ಮುರಿದಿದ್ದರೆ ಅಲ್ಲಿಗೆ ನಿಲ್ಲಿಸಿ. ಹೊಸ ಅಚ್ಚು ಕೂರಿಸಿ, ಚಕ್ರ ನೇರ ಮಾಡಿ, ತೂಕ ಸರಿದೂಗಿಸುವುದು ಪಳಗಿದ ಕೈಯ ಕೆಲಸ.

ಕೀ ಕೊಡುವಾಗ ಕರಕರ ಎನ್ನುತ್ತದೆ ಅಥವಾ ಜಾರುತ್ತದೆ

ಗುಂಡಿ ಮುಂದಕ್ಕೆ ತಿರುಗುವಾಗ ಒಂದೆರಡು ಹಲ್ಲು ಹಾರಿದಂತೆ ಕೈಗೆ ತಿಳಿದರೆ, ಸವೆತ ಎರಡು ಜಾಗಗಳಲ್ಲಿ ಇರಬಹುದು. ಗುಂಡಿಯನ್ನು ತೀರ ನಿಧಾನವಾಗಿ ತಿರುಗಿಸಿ. ಜಾರುವಿಕೆ ಗುಂಡಿಯ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಂದರೆ ಸ್ಟೆಮ್ (ಗುಂಡಿಯಿಂದ ಒಳಹೋಗುವ ಕಡ್ಡಿ) ಮೇಲಿನ ಪುಟ್ಟ ಹಲ್ಲುಚಕ್ರವಾದ ವೈಂಡಿಂಗ್ ಪಿನಿಯನ್‌ನ ಒಂದು ಹಲ್ಲು ಹೋಗಿದೆ. ಗುಂಡಿಯ ಸುತ್ತಿಗೂ ಜಾರುವಿಕೆಗೂ ಹೊಂದಾಣಿಕೆ ಇಲ್ಲದಿದ್ದರೆ ಸೇತುವೆಯ ಮೇಲೆ ಕಾಣುವ ಕ್ರೌನ್ ಚಕ್ರದ ಅಥವಾ ರ್‍ಯಾಚೆಟ್ ಚಕ್ರದ ಹಲ್ಲು ಸವೆದಿರುತ್ತದೆ. ಕ್ರೌನ್ ಚಕ್ರದ ಸ್ಕ್ರೂ ಬಹಳಷ್ಟು ವಾಚುಗಳಲ್ಲಿ ಉಲ್ಟಾ ಸುತ್ತಿನದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದನ್ನು ತಿಳಿಯದೆ ಎಡಕ್ಕೆ ಒತ್ತಿ ತಿರುಗಿಸಿ ಸ್ಕ್ರೂ ತಲೆ ಮುರಿದವರಲ್ಲಿ ನಾನೂ ಒಬ್ಬ.

ಕೀ ಕೊಟ್ಟು ಕೈಬಿಟ್ಟ ಕೂಡಲೇ ಗುಂಡಿ ಬುರ್ರೆಂದು ಹಿಂದಕ್ಕೆ ತಿರುಗಿದರೆ ಕ್ಲಿಕ್ ಅಥವಾ ಅದರ ಸಣ್ಣ ತಂತಿಯ ಸ್ಪ್ರಿಂಗ್ ಕೈಕೊಟ್ಟಿದೆ. ಇಂಥ ವಾಚಿಗೆ ಮತ್ತೆ ಮತ್ತೆ ಕೀ ಕೊಟ್ಟು ಪರೀಕ್ಷಿಸಬೇಡಿ. ಕ್ಲಿಕ್ಕಿನ ತುದಿಯನ್ನು ಲೂಪ್‌ನಲ್ಲಿ ನೋಡಿದಾಗ ಚೂಪಾಗಿ ಇರಬೇಕಾದ ಮೂತಿ ಉರುಟಾಗಿದ್ದರೆ ಅದು ನಿಜವಾದ ಸವೆತ. ಅರದಿಂದ ಉಜ್ಜಿ ಚೂಪು ಮಾಡುವ ಆಸೆ ಬರುತ್ತದೆ, ಆದರೆ ಉಜ್ಜಿದಷ್ಟೂ ಉದ್ದ ಕಡಿಮೆಯಾಗಿ ಹಲ್ಲಿನ ಬುಡಕ್ಕೆ ಅದು ತಲುಪುವುದೇ ಇಲ್ಲ. ಬದಲಿಸುವುದೊಂದೇ ದಾರಿ, ಮತ್ತು ಅದೃಷ್ಟಕ್ಕೆ ಇದು ಹಳೆಯ ವಾಚುಗಳಿಂದ ಸುಲಭವಾಗಿ ಸಿಗುವ ಭಾಗ.

ದಿನಕ್ಕೆ ಐದು, ಹತ್ತು ನಿಮಿಷ ಮುಂದೆ ಓಡುತ್ತದೆ

ಸವೆದ ವಾಚು ಸಾಮಾನ್ಯವಾಗಿ ಹೀಗೆ ಮುಂದೆ ಓಡುವುದಿಲ್ಲ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಹೋಗತೊಡಗಿದರೆ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟುತ್ತಿವೆ, ಅಂದರೆ ಸ್ಪ್ರಿಂಗಿನ ಉದ್ದ ಕಡಿಮೆಯಾದಂತಾಗಿದೆ. ಕಾರಣ ಅಯಸ್ಕಾಂತವಿರಬಹುದು, ಎಣ್ಣೆಯಿರಬಹುದು, ಬಿದ್ದಾಗ ಒಂದು ಸುರುಳಿ ಇನ್ನೊಂದರ ಮೇಲೆ ಸಿಕ್ಕಿಕೊಂಡಿರಬಹುದು. ಸ್ಪೀಕರ್, ಇಂಡಕ್ಷನ್ ಒಲೆ, ಮಡಚುವ ಫೋನ್ ಕವರಿನ ಅಯಸ್ಕಾಂತ, ಯಾವುದರ ಪಕ್ಕ ವಾಚು ಮಲಗಿತ್ತು ಎಂದು ನೆನಪಿಸಿಕೊಳ್ಳಿ. ಸಣ್ಣ ದಿಕ್ಸೂಚಿಯನ್ನು ವಾಚಿನ ಹಿಂಬದಿಗೆ ಹಿಡಿದು ನಿಧಾನವಾಗಿ ಸರಿಸಿದಾಗ ಸೂಜಿಯ ಒಂದು ತುದಿಯನ್ನು ವಾಚು ದೂರ ತಳ್ಳಿದರೆ ಅದು ಕಾಂತತೆಯ ಗುರುತು. ಬರೀ ಉಕ್ಕಾದರೆ ಎರಡು ತುದಿಗಳನ್ನೂ ಎಳೆಯುತ್ತದೆ.

ಕಾಂತತೆ ತೆಗೆಯುವ ಸಣ್ಣ ನೀಲಿ ಪೆಟ್ಟಿಗೆ ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಪೆಟ್ಟಿಗೆಯ ಗುಂಡಿ ಒತ್ತಿ ಹಿಡಿದುಕೊಂಡೇ ವಾಚನ್ನು ಅದರಿಂದ ಒಂದು ಮೊಳದಷ್ಟು ದೂರಕ್ಕೆ ನಿಧಾನವಾಗಿ ಎಳೆದು, ಆಮೇಲೆ ಗುಂಡಿ ಬಿಡಬೇಕು. ಹತ್ತಿರ ಇರುವಾಗಲೇ ಬಿಟ್ಟರೆ ಮೊದಲಿಗಿಂತ ಹೆಚ್ಚು ಕಾಂತತೆ ಉಳಿದುಬಿಡುತ್ತದೆ. ವಿದ್ಯುತ್ ಉಪಕರಣವಾದ್ದರಿಂದ ಕೆಲವೇ ಸೆಕೆಂಡುಗಳಿಗಿಂತ ಹೆಚ್ಚು ಒತ್ತಿದರೆ ಬಿಸಿಯಾಗುತ್ತದೆ. ಇಷ್ಟಕ್ಕೂ ಸರಿಹೋಗದಿದ್ದರೆ ಸುರುಳಿ ಬಿಡಿಸುವ ಕೆಲಸಕ್ಕೆ ಕೈ ಹಾಕಬೇಡಿ. ಹೇರ್‌ಸ್ಪ್ರಿಂಗನ್ನು ಚಿಮಟದಿಂದ ಒಮ್ಮೆ ತಪ್ಪಾಗಿ ಹಿಡಿದರೆ ಬ್ಯಾಲೆನ್ಸನ್ನೇ ಬದಲಿಸಬೇಕಾಗುತ್ತದೆ.

ಟಿಕ್ ಟಿಕ್ ಸರಿ, ಸೆಕೆಂಡ್ ಮುಳ್ಳೂ ಸರಿ. ನಿಮಿಷದ ಮುಳ್ಳು ಮಾತ್ರ ಹಿಂದೆ

ಈ ಲಕ್ಷಣ ಕಂಡರೆ ಸಂತೋಷಪಡಿ. ಯಂತ್ರಕ್ಕೆ ಏನೂ ಆಗಿಲ್ಲ. ಡಯಲಿನ ಕೆಳಗೆ, ನಿಮಿಷದ ಮುಳ್ಳನ್ನು ಹೊತ್ತ ಕ್ಯಾನನ್ ಪಿನಿಯನ್ ಎಂಬ ಸಣ್ಣ ಕೊಳವೆ ನಡುಚಕ್ರದ ಅಚ್ಚಿನ ಮೇಲೆ ಬರೀ ಬಿಗಿತದಿಂದ ಕೂತಿರುತ್ತದೆ. ಸಮಯ ಹೊಂದಿಸುವಾಗ ಅದು ಜಾರಬೇಕು, ಉಳಿದ ಹೊತ್ತು ಜಾರಬಾರದು. ನಾಲ್ಕು ದಶಕ ಪ್ರತಿದಿನ ರೇಡಿಯೋ ವಾರ್ತೆಯ ಹೊತ್ತಿಗೆ ಸಮಯ ಹೊಂದಿಸಿಕೊಂಡವರ ವಾಚಿನಲ್ಲಿ ಈ ಬಿಗಿತ ಸವೆದು ಹೋಗಿರುತ್ತದೆ. ಪರೀಕ್ಷೆ ಸುಲಭ: ಗುಂಡಿ ಹೊರಗೆಳೆದು ಮುಳ್ಳುಗಳನ್ನು ತಿರುಗಿಸುವಾಗ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಏನೂ ತಡೆ ಇಲ್ಲದಿದ್ದರೆ ಪಿನಿಯನ್ ಸಡಿಲವಾಗಿದೆ.

ಮುಳ್ಳು ಮತ್ತು ಡಯಲ್ ತೆಗೆಯಬೇಕಾಗುತ್ತದೆ. ಡಯಲಿಗೆ ಗೀರು ಬೀಳದಂತೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಮುಳ್ಳು ಎತ್ತುವ ಜೋಡಿ ಸನ್ನೆಗಳಿಂದ ಎರಡೂ ಬದಿಗೆ ಸಮವಾಗಿ ಎತ್ತಿ. ಪಿನಿಯನ್‌ನ ಮೈಮೇಲೆ ಕಾರ್ಖಾನೆಯಲ್ಲೇ ಒತ್ತಿದ ಒಂದು ಸಣ್ಣ ತಗ್ಗು ಕಾಣುತ್ತದೆ. ಅದೇ ತಗ್ಗನ್ನು ಬಿಗಿ ಮಾಡುವ ಉಪಕರಣದಿಂದ ಕೂದಲೆಳೆಯಷ್ಟು ಒತ್ತಬೇಕು. ಒಳಗೆ ನಯವಾದ ಸೂಜಿ ತೂರಿಸಿಕೊಂಡು ಒತ್ತಿದರೆ ಕೊಳವೆ ಚಪ್ಪಟೆಯಾಗುವುದಿಲ್ಲ. ಹೆಚ್ಚು ಒತ್ತಿದರೆ ಸಮಯ ಹೊಂದಿಸುವಾಗ ಬಲ ಹಿಂದಕ್ಕೆ ಹರಿದು ಸೆಕೆಂಡ್ ಮುಳ್ಳು ನಿಲ್ಲುತ್ತದೆ, ಕೆಲವೊಮ್ಮೆ ಹಿಮ್ಮುಖವಾಗಿಯೂ ಸರಿಯುತ್ತದೆ. ಮತ್ತೆ ಕೂರಿಸುವ ಮೊದಲು ಅಚ್ಚಿಗೆ ಒಂದು ಚುಕ್ಕೆ ಗ್ರೀಸ್ ಬೇಕೇ ಬೇಕು. ಸವೆತ ಶುರುವಾದದ್ದೇ ಅದು ಒಣಗಿದಾಗ.

ಬೆಳಿಗ್ಗೆ ಚೆನ್ನಾಗಿ ನಡೆಯುತ್ತದೆ, ರಾತ್ರಿಗೆ ಸೋಲುತ್ತದೆ

ಹಳೆಯ ವಾಚುಗಳಲ್ಲಿ ಅತಿ ಹೆಚ್ಚಾಗಿ ಕಾಣುವ ದೂರು ಇದು. ಅತಿ ಹೆಚ್ಚು ತಪ್ಪು ತೀರ್ಪು ಬರುವುದೂ ಇದರಲ್ಲೇ. ಪೂರ್ತಿ ಕೀ ಕೊಟ್ಟ ವಾಚು ಒಂದು ಹಗಲು, ಒಂದು ರಾತ್ರಿ ದಾಟಿ ಮರುದಿನ ಕೀ ಕೊಡುವ ಹೊತ್ತನ್ನು ಮೀರಿ ನಡೆಯಬೇಕು. ಅದಕ್ಕಿಂತ ಮೊದಲೇ ನಿಂತರೆ ಎಲ್ಲರೂ ಮೇನ್‌ಸ್ಪ್ರಿಂಗನ್ನು ದೂರುತ್ತಾರೆ. ನೀಲಿ ಉಕ್ಕಿನ ಹಳೆಯ ಸ್ಪ್ರಿಂಗ್ ನಿಜಕ್ಕೂ ದಣಿಯುತ್ತದೆ: ಹೊರತೆಗೆದು ನೆಲದ ಮೇಲಿಟ್ಟರೆ ಹೊಸದು ಇಂಗ್ಲಿಷಿನ ಎಸ್ ಅಕ್ಷರದಂತೆ ಹರಡಿಕೊಳ್ಳುತ್ತದೆ ಅಥವಾ ಅಗಲವಾಗಿ ತೆರೆದುಕೊಳ್ಳುತ್ತದೆ, ದಣಿದದ್ದು ಚಕ್ಕುಲಿಯಂತೆ ಸುತ್ತಿಕೊಂಡೇ ಬಿದ್ದಿರುತ್ತದೆ. ಆದರೆ ಅದೊಂದೇ ಕಾರಣವಲ್ಲ.

ನಾನು ಕೆಡಿಸಿದ್ದು ಇಲ್ಲೇ. ಮನೆಯದೇ ಒಂದು ವಾಚು ಹದಿನಾಲ್ಕು ಗಂಟೆಗೆ ನಿಲ್ಲುತ್ತಿತ್ತು. ಸ್ಪ್ರಿಂಗ್ ಎಂದು ತೀರ್ಮಾನಿಸಿ, ಎರಡು ತಿಂಗಳು ಹುಡುಕಿ, ಅದೇ ಅಳತೆಯದನ್ನು ತಂದು ಹಾಕಿದೆ. ಆಗ ಹದಿನೈದು ಗಂಟೆ ನಡೆಯಿತು. ಮತ್ತೆ ಪೂರ್ತಿ ಬಿಚ್ಚಿ, ಈ ಸಲ ಶ್ರದ್ಧೆಯಿಂದ ತೊಳೆದು, ಬರಿಯ ತಟ್ಟೆಯನ್ನು (ಚಕ್ರಗಳೆಲ್ಲ ಕೂರುವ ತಳದ ಲೋಹದ ಬಿಲ್ಲೆ) ಮೇಜಿನ ದೀಪದ ಕೆಳಗೆ ವಾರೆಯಾಗಿ ಹಿಡಿದಾಗ, ಬ್ಯಾರಲ್ (ಮೇನ್‌ಸ್ಪ್ರಿಂಗನ್ನು ಒಳಗಿಟ್ಟುಕೊಂಡ ಡಬ್ಬಿ) ಕೂರುವ ತಗ್ಗಿನ ನೆಲದಲ್ಲಿ ಕಾಲುಭಾಗದಷ್ಟು ಉದ್ದದ, ಕಮಾನಿನಂಥ ಹೊಳೆಯುವ ಗೀರು ಮಿನುಗಿತು. ಪೂರ್ತಿ ವೃತ್ತವಲ್ಲ, ಒಂದು ಬದಿ ಮಾತ್ರ. ಬ್ಯಾರಲ್ ವಾಲಿಕೊಂಡು ತಟ್ಟೆಗೆ ಉಜ್ಜುತ್ತಿತ್ತು. ಕೊಳೆ ಇದ್ದಾಗ ಆ ಗೀರು ಕಪ್ಪು ಅಂಟಿನಡಿ ಮುಚ್ಚಿಹೋಗಿತ್ತು. ಮೊದಲೇ ತೊಳೆದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಇದು ಏಕೆ ಆಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹದಿನೇಳು ಕಲ್ಲು ಎಂದರೆ ಎಲ್ಲ ಅಚ್ಚಿಗೂ ಕಲ್ಲು ಎಂದಲ್ಲ. ಬ್ಯಾರಲ್‌ನ ಅಚ್ಚು ಸಾಮಾನ್ಯವಾಗಿ ಬರೀ ಹಿತ್ತಾಳೆಯ ರಂಧ್ರದಲ್ಲಿ ತಿರುಗುತ್ತದೆ, ಮತ್ತು ವಾಚಿನಲ್ಲೇ ಅತಿ ಹೆಚ್ಚು ಒತ್ತಡ ಬೀಳುವ ಜಾಗವೂ ಅದೇ. ಬೇಸಿಗೆಯ ಕೆಮ್ಮಣ್ಣಿನ ಧೂಳು, ರಾಗಿ ಕಣದ ಹೊಟ್ಟು, ಬಿರುಕು ಬಿಟ್ಟ ಗಾಜಿನ ಅಂಚಿನಿಂದ ಒಳನುಗ್ಗಿ ಎಣ್ಣೆಯೊಡನೆ ಬೆರೆತಾಗ ಅರೆಯುವ ಹಿಟ್ಟಾಗುತ್ತದೆ. ಮೆತ್ತನೆಯ ಹಿತ್ತಾಳೆ ಸವೆದು ಗಟ್ಟಿ ಉಕ್ಕು ಉಳಿಯಬೇಕಲ್ಲವೇ ಎಂದು ತೋರಬಹುದು, ಆದರೆ ಮರಳಿನ ಕಣಗಳು ಮೆತ್ತನೆಯ ಹಿತ್ತಾಳೆಯಲ್ಲಿ ನಾಟಿಕೊಂಡು ಅದನ್ನೇ ಸಾಣೆಕಲ್ಲಾಗಿ ಮಾಡುವುದರಿಂದ ಎಷ್ಟೋ ಸಲ ಉಕ್ಕಿನ ಅಚ್ಚೇ ಕೊರೆದುಹೋಗಿರುತ್ತದೆ. ಹಾಗಾಗಿ ರಂಧ್ರ ಮತ್ತು ಅಚ್ಚು ಎರಡನ್ನೂ ನೋಡಬೇಕು.

ನೋಡುವ ಕ್ರಮ ಹೀಗಿದೆ. ಬಲ ಇಳಿಸಿ, ಬೇರೆ ಚಕ್ರಗಳನ್ನು ತೆಗೆದು, ಬ್ಯಾರಲ್ ಮತ್ತು ಅದರ ಸೇತುವೆಯನ್ನು ಮಾತ್ರ ಕೂರಿಸಿ. ಚೂಪು ಮಾಡಿದ ಬಿದಿರಿನ ಕಡ್ಡಿಯಿಂದ ಬ್ಯಾರಲ್‌ನ ಅಂಚನ್ನು ಮೇಲೆ ಕೆಳಗೆ ಮೆಲ್ಲಗೆ ಅಲ್ಲಾಡಿಸಿ. ಕಂಡೂ ಕಾಣದಷ್ಟು ಆಟ ಇರಲೇಬೇಕು. ಅಂಚು ತಟ್ಟೆಗೋ ನಡುಚಕ್ರಕ್ಕೋ ತಾಗುವಷ್ಟು ವಾಲಿದರೆ ತಪ್ಪು ಸಿಕ್ಕಿತು. ಆಮೇಲೆ ಸೇತುವೆ ತೆಗೆದು ಅಚ್ಚನ್ನು ಒಂದೊಂದೇ ರಂಧ್ರದಲ್ಲಿ ಪ್ರತ್ಯೇಕವಾಗಿ ತೂರಿಸಿ ನೋಡಿದರೆ ಯಾವ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂದು ತಿಳಿಯುತ್ತದೆ. ಬ್ಯಾರಲ್ ಡಬ್ಬಿ ಮತ್ತು ಅದರ ಮುಚ್ಚಳದ ಸ್ವಂತ ರಂಧ್ರಗಳನ್ನೂ ಮರೆಯಬೇಡಿ, ಏಕೆಂದರೆ ತಟ್ಟೆಯ ರಂಧ್ರದಲ್ಲಿ ಅಚ್ಚು ತಿರುಗುವುದು ಕೀ ಕೊಡುವಾಗ ಮಾತ್ರ, ವಾಚು ನಡೆಯುವಷ್ಟು ಹೊತ್ತೂ ಅಚ್ಚಿನ ಸುತ್ತ ತಿರುಗುವುದು ಡಬ್ಬಿಯೇ.

ಹಳೆಯ ಕಾಲದ ಉಪಾಯ ರಂಧ್ರದ ಸುತ್ತ ಪಂಚ್ ಹೊಡೆದು ಹಿತ್ತಾಳೆಯನ್ನು ಒಳಕ್ಕೆ ಒತ್ತುವುದು. ಅದು ನಡೆಯುತ್ತದೆ, ಆದರೆ ಒತ್ತಿದ ತೆಳು ಅಂಚು ಬೇಗ ಸವೆಯುತ್ತದೆ ಮತ್ತು ಮುಂದೆ ಬರುವ ರಿಪೇರಿಯವನಿಗೆ ತಟ್ಟೆಯ ಮೇಲೆ ಸುತ್ತಿಗೆ ಗುರುತು ಬಿಟ್ಟುಹೋಗುತ್ತದೆ. ಸರಿಯಾದ ದಾರಿ ರಂಧ್ರವನ್ನು ಮೂಲ ನಡುಬಿಂದುವಿಗೆ ಹೊಂದಿಸಿ ದೊಡ್ಡದು ಮಾಡಿ, ಬುಶ್ ಎಂಬ ಹಿತ್ತಾಳೆಯ ಸಣ್ಣ ಉಂಗುರ ಒತ್ತಿ ಕೂರಿಸಿ, ಅಚ್ಚಿನ ಅಳತೆಗೆ ಕೊರೆಯುವುದು. ಲೇತ್ ಅಥವಾ ನಡುಬಿಂದು ಹಿಡಿಯುವ ಸ್ಟೇಕಿಂಗ್ ಉಪಕರಣ ಇಲ್ಲದವರು ಇದನ್ನು ಕೈಯಿಂದ ಮಾಡಬಾರದು. ನಡುಬಿಂದು ಕೂದಲಷ್ಟು ಸರಿದರೂ ಹಲ್ಲುಗಳ ಜೋಡಣೆ ಕೆಡುತ್ತದೆ. ನನ್ನ ವಾಚಿಗೆ ನಾನು ಬುಶ್ ಹಾಕಿಸಿದ್ದು ಹೊರಗೆ, ಹಳೆಯ ಸ್ಪ್ರಿಂಗನ್ನೇ ಮತ್ತೆ ತೊಳೆದು ಹಾಕಿದ್ದು ನಾನು. ಈಗ ಅದು ಒಂದೂವರೆ ದಿನ ನಡೆಯುತ್ತದೆ.

ಮಲಗಿಸಿದರೆ ಒಂದು ಲೆಕ್ಕ, ನಿಲ್ಲಿಸಿದರೆ ಇನ್ನೊಂದು

ಮೊದಲ ಎರಡು ದಿನದ ಟಿಪ್ಪಣಿ ಈಗ ಉಪಯೋಗಕ್ಕೆ ಬರುತ್ತದೆ. ಎರಡು ಸ್ಥಿತಿಗಳ ನಡುವೆ ಅರ್ಧ ನಿಮಿಷದವರೆಗಿನ ವ್ಯತ್ಯಾಸವನ್ನು ಹಳೆಯ ವಾಚಿಗೆ ಕ್ಷಮಿಸಬಹುದು. ಎರಡು ಮೂರು ನಿಮಿಷ ಇದ್ದರೆ ಬ್ಯಾಲೆನ್ಸ್ ಅಚ್ಚಿನ ತುದಿಗಳನ್ನು ಅನುಮಾನಿಸಬೇಕು. ಈ ವಾಚುಗಳು ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ವರ್ಷಕ್ಕೆ ಹದಿನೈದು ಕೋಟಿ ದಾಟುತ್ತದೆ. ಅಷ್ಟು ಬಡಿತವನ್ನು ಒಣ ಕಲ್ಲಿನ ಮೇಲೆ ಹೊತ್ತ ಅಚ್ಚಿನ ತುದಿ ಚಪ್ಪಟೆಯಾಗುತ್ತದೆ. ಆಗ ಮಲಗಿಸಿದಾಗಲೂ ಉಜ್ಜಾಟ ಹೆಚ್ಚಿ ತೂಗಾಟ ಕುಗ್ಗುತ್ತದೆ.

ತೂಗಾಟದ ಅಗಲ ಅಳೆಯಲು, ಟಿಕ್ ಸದ್ದನ್ನು ಕೇಳಿ ಲೆಕ್ಕ ಹಾಕುವ ಟೈಮ್‌ಗ್ರಾಫರ್ ಇದ್ದರೆ ಒಳ್ಳೆಯದು. ಪೂರ್ತಿ ಕೀ ಕೊಟ್ಟು ಮಲಗಿಸಿದಾಗ 270ರಿಂದ 300 ಡಿಗ್ರಿ ಆರೋಗ್ಯವಂತ ವಾಚಿನ ಲಕ್ಷಣ. ತೊಳೆದು ಎಣ್ಣೆ ಹಾಕಿದ ಮೇಲೂ 200 ದಾಟದಿದ್ದರೆ ಎಲ್ಲೋ ಸವೆತ ಇದ್ದೇ ಇದೆ. ಯಂತ್ರ ಇಲ್ಲದವರು ಫೋನಿನ ನಿಧಾನಗತಿಯ ವಿಡಿಯೊ ತೆಗೆಯಬಹುದು: ಬ್ಯಾಲೆನ್ಸ್ ಚಕ್ರದ ಕಡ್ಡಿ ತೂಗಾಟದ ಎರಡು ತುದಿಗಳಲ್ಲೂ ಒಂದೇ ಜಾಗದಲ್ಲಿ ತಿರುಗಿ ಹಿಂದಿರುಗಿದರೆ ಅದು 180 ಡಿಗ್ರಿ, ಅಂದರೆ ಕಡಿಮೆ. ಮೈಕಿನಿಂದ ಕೇಳುವ ಫೋನ್ ಆ್ಯಪ್‌ಗಳು ವೇಗವನ್ನು ನಂಬುವಷ್ಟು ಸರಿಯಾಗಿ ಹೇಳುತ್ತವೆ. ಅಗಲದ ಅಂಕಿ ವಾಚಿನ ಲಿಫ್ಟ್ ಕೋನವನ್ನು (ಪ್ರತಿ ಟಿಕ್ಕಿಗೆ ಬ್ಯಾಲೆನ್ಸಿಗೆ ನೂಕು ಸಿಗುವಷ್ಟು ಹೊತ್ತು ಅದು ತಿರುಗುವ ಕೋನ) ಸರಿಯಾಗಿ ತುಂಬಿದರೆ ಮಾತ್ರ ಸರಿ.

ಟಿಕ್ ಮತ್ತು ಟಾಕ್‌ನ ನಡುವಿನ ಅಂತರ ಕುಂಟುತ್ತಿದ್ದರೆ ಅದು ಸವೆತವಲ್ಲ, ಹೊಂದಾಣಿಕೆಯ ದೋಷ.

ಇನ್ನು ತೊಳೆಯುವಾಗಿನ ಒಂದು ಎಚ್ಚರ. ಪ್ಯಾಲೆಟ್ ಕವೆಯ (ಚಕ್ರಗಳ ಬಲವನ್ನು ತಡೆತಡೆದು ಬ್ಯಾಲೆನ್ಸಿಗೆ ಬಿಡುವ ಕವಲು ಭಾಗ) ಕಲ್ಲುಗಳನ್ನೂ ಬ್ಯಾಲೆನ್ಸಿನ ಕೆಳಗಿನ ಸಣ್ಣ ಕಲ್ಲನ್ನೂ ಅರಗಿನಿಂದ ಅಂಟಿಸಿರುತ್ತಾರೆ. ಬಳೆಗೆ ಬಳಸುವ ಅದೇ ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಆ ಎರಡು ಭಾಗಗಳನ್ನು ಸ್ಪಿರಿಟ್‌ನಲ್ಲಿ ನೆನೆಸಿಟ್ಟರೆ ಕಲ್ಲು ಸಡಿಲವಾಗಿ, ಇಲ್ಲದ ದೋಷವೊಂದು ಹೊಸದಾಗಿ ಹುಟ್ಟುತ್ತದೆ. ಪ್ಯಾಲೆಟ್ ಕವೆಯ ಅಚ್ಚಿಗೆ ಎಣ್ಣೆ ಹಾಕುವುದಿಲ್ಲ, ಹೇರ್‌ಸ್ಪ್ರಿಂಗಿಗೂ ಇಲ್ಲ. ಉಳಿದ ಕಲ್ಲುಗಳಿಗೂ ಕುಳಿಯ ಅರ್ಧ ತುಂಬುವಷ್ಟೇ.

ದಿನವೂ ಒಂದೇ ಸಮಯಕ್ಕೆ ನಿಲ್ಲುತ್ತದೆ

ಮುಳ್ಳುಗಳು ಒಂದನ್ನೊಂದು ದಾಟುವಾಗ ನಿಂತರೆ ಮುಳ್ಳುಗಳೇ ತಾಗುತ್ತಿವೆ. ಬದಿಯಿಂದ ಬೆಳಕಿಗೆ ಹಿಡಿದು ನೋಡಿದರೆ ಸಾಕು. ಗಂಟೆಗೊಮ್ಮೆ ಒಂದೇ ನಿಮಿಷಕ್ಕೆ ನಿಂತರೆ ನಡುಚಕ್ರದ ಹಲ್ಲಿನಲ್ಲಿ ಕಸ ಅಥವಾ ಮುರಿತ. ತಾರೀಕಿರುವ ವಾಚು ನಡುರಾತ್ರಿಯ ಸುತ್ತ ನಿಂತರೆ ತಾರೀಕು ತಳ್ಳುವ ಬೆರಳು ಸಿಕ್ಕಿಕೊಂಡಿದೆ, ಮತ್ತು ಸಾಮಾನ್ಯವಾಗಿ ಅದು ರಾತ್ರಿ ಒಂಬತ್ತರಿಂದ ಮೂರರ ನಡುವೆ ಕೈಯಿಂದ ತಾರೀಕು ಬದಲಿಸಿದವರ ಕೊಡುಗೆ.

ಕೀ ಗುಂಡಿ ಕೈಗೇ ಬಂದುಬಿಡುತ್ತದೆ

ಸ್ಟೆಮ್ ಸಮೇತ ಹೊರಬಂದು, ತುದಿ ಮುರಿದಿಲ್ಲದಿದ್ದರೆ ಸ್ಟೆಮ್ಮನ್ನು ಹಿಡಿಯುವ ಸನ್ನೆಯ ಸ್ಕ್ರೂ ಸಡಿಲವಾಗಿದೆ. ಸ್ಟೆಮ್ಮನ್ನು ಒಳಗೆ ತೂರಿಸಿ ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು. ಬಿಚ್ಚಬೇಕಾದಾಗಲೂ ಆ ಸ್ಕ್ರೂವನ್ನು ಒಂದೆರಡು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಇಲ್ಲವಾದರೆ ಸನ್ನೆ ಡಯಲಿನ ಕಡೆಗೆ ಉದುರಿ ಮುಳ್ಳು, ಡಯಲ್ ಎಲ್ಲ ಬಿಚ್ಚಬೇಕಾಗುತ್ತದೆ. ಸ್ಟೆಮ್ ಮೇಲೆ ಕೆಂಪು ತುಕ್ಕು ಇದ್ದರೆ ಅದು ಬೆವರು ಒಳಹೋದ ಗುರುತು. ತುಕ್ಕಿನ ಪುಡಿ ಒಳಗೂ ಬಿದ್ದಿರುವುದರಿಂದ ಸ್ಟೆಮ್ ಒಂದನ್ನೇ ಬದಲಿಸಿ ಸುಮ್ಮನಾಗುವಂತಿಲ್ಲ.

ಭಾಗ ಬದಲಿಸುವಾಗ, ಮತ್ತು ಬೇರೆಯವರ ಕೈಗೆ ಕೊಡುವಾಗ

ಬಿಡಿಭಾಗಕ್ಕಾಗಿ ಅದೇ ಯಂತ್ರದ ಇನ್ನೊಂದು ಕೆಟ್ಟ ವಾಚು ಕೊಳ್ಳುವುದೇ ಈಗ ಹೆಚ್ಚಾಗಿ ಉಳಿದ ದಾರಿ. ಡಯಲ್ ಮೇಲಿನ ಹೆಸರನ್ನು ನಂಬಬೇಡಿ: ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು, ಸಿಕ್ಕ ಯಂತ್ರಕ್ಕೆ ಕೂರಿಸಿ ಮಾರುವುದು ಸಾಮಾನ್ಯ. ಮುಚ್ಚಳ ತೆಗೆದು ಯಂತ್ರದ ಮೇಲೆ ಕೊರೆದ ಸಂಖ್ಯೆಯನ್ನು ಹೋಲಿಸಿ. ಕೊಂಡ ವಾಚಿನ ಭಾಗವೂ ಸವೆದಿರಬಹುದು, ಆದ್ದರಿಂದ ಮೇಲೆ ಹೇಳಿದ ಪರೀಕ್ಷೆಗಳನ್ನು ಅದಕ್ಕೂ ಮಾಡಿದ ಮೇಲೆಯೇ ಜೋಡಿಸಿ.

ಬ್ಯಾಲೆನ್ಸ್ ಅಚ್ಚು, ಹೇರ್‌ಸ್ಪ್ರಿಂಗ್, ಬುಶ್, ಪ್ಯಾಲೆಟ್ ಕಲ್ಲು, ಈ ನಾಲ್ಕರ ಬಾಗಿಲಿಗೆ ಬಂದಾಗ ವಾಚನ್ನು ಪಳಗಿದವರಿಗೆ ಒಪ್ಪಿಸಿ. ಕೊಡುವಾಗ ಮೂರು ದಿನದ ಟಿಪ್ಪಣಿಯನ್ನೂ ಕೊಡಿ. "ನಡೆಯುತ್ತಿಲ್ಲ, ನೋಡಿ" ಎನ್ನುವುದಕ್ಕಿಂತ "ಮಲಗಿಸಿದಾಗ 20 ಸೆಕೆಂಡ್ ಮುಂದೆ, ಗುಂಡಿ ಮೇಲಿದ್ದಾಗ 3 ನಿಮಿಷ ಹಿಂದೆ" ಎಂದರೆ ಎದುರಿಗಿರುವವರು ಲೂಪ್ ಇಳಿಸಿ ನಿಮ್ಮ ಕಡೆ ನೋಡುತ್ತಾರೆ. ಯಂತ್ರದ ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ಬಿಸಾಡದೆ ಪೊಟ್ಟಣ ಕಟ್ಟಿ ಹಿಂದಿರುಗಿಸಬೇಕೆಂದು ಮೊದಲೇ ಹೇಳಿ, ಮತ್ತು ಮನೆಗೆ ಬಂದ ಮೇಲೆ ಆ ಪೊಟ್ಟಣವನ್ನು ಲೂಪ್ ಹಾಕಿ ಬಿಚ್ಚಿ ನೋಡಿ: ಸವೆದದ್ದು ಅದೇ ಭಾಗವೋ ಅಲ್ಲವೋ ಎಂಬುದು ಅಚ್ಚಿನ ತುದಿಯಲ್ಲೇ ಕಾಣುತ್ತದೆ.